ಎಡತೋಳಿನ ಕಿಸೆ

ಅಜ್ಜಿಗೆ ಜಾಕೀಟು ಅಂದ್ರೆ ರವಿಕೆ.
ದಿನಕ್ಕೆ ನಾನೂರು ಜಾಕೀಟಿಗೆ ಕಿಸೆ ಹಾಕ್ತೀನಿ ಅಂದರೆ
"ರವಿಕೆ ತೋಳಿಗೆ ಯಾವಳೇ ಕಿಸೆ ಇಡಿಸೋಳು" ಅಂತ
ಎಲೆ ಅಡಿಕೆ ಚೆಲ್ಲುವಷ್ಟು ನಗುತ್ತಾಳೆ.
ಬಿಡಿಸಿ ಹೇಳೋಕೆ ಹೊತ್ತಿಲ್ಲ. ಆರೂಕಾಲಿಗೆ
ದುದ್ದದ ತಿರುವಿಗೆ ಕಂಪನಿ ಬಸ್ಸು.

ಹಾಸನದ ಹೊರಗೆ, ತಗಡಿನ ಸೂರಿನ ಕೆಳಗೆ,
ಏಪ್ರಿಲ್ಲಿನಲ್ಲಿ ನಾವು ಚಳಿಗಾಲ ಹೊಲಿಯುತ್ತೇವೆ.
ನನ್ನ ಪಾಲಿಗೆ ಇಡೀ ಕೋಟು ಬರುವುದಿಲ್ಲ.
ಎಡತೋಳು, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ,
ಅಂಗೈಯಗಲದ ಒಂದು ಕಿಸೆ, ಅದಕ್ಕೊಂದು ಜಿಪ್ಪು.
ನನ್ನ ಮುಂದೆ ಕೂತ ನೂರ್‌ಜಾನಳದ್ದು ಸೊಂಟದ ಒಳಲಂಗ:
ಬಿದ್ದಾಗ ಹಿಮ ಬೆನ್ನಿಗೆ ನುಗ್ಗಬಾರದಂತೆ.
"ಬೀಳೋದು ಗ್ಯಾರಂಟಿ ಅಂತ ಗೊತ್ತಿದ್ದೂ
ದುಡ್ಡು ಕೊಟ್ಟು ಹೋಗ್ತಾರಲ್ಲ, ಪುಣ್ಯಾತ್ಮರು."

ಸ್ಯಾಂಪಲ್ ರೂಮಿನ ಯೋಗಾನಂದ ಒಂದು ಸಲ
ಕೋಟಿಗೆ ನೇತುಬಿಡುವ ಚೀಟಿ ಬಿಚ್ಚಿ ತೋರಿಸಿದ.
ಬಿಳೀ ಬೆಟ್ಟ. ಅದರ ಮೈತುಂಬ ದಾರದೆಳೆಗಳು.
ಹಸಿರು, ಈಗಷ್ಟೇ ಕಲಿಯುವವರಿಗೆ.
ನೀಲಿ, ಬಿದ್ದು ಎದ್ದವರಿಗೆ. ಕೆಂಪು ಗಟ್ಟಿಗರಿಗೆ.
ಕಪ್ಪು? "ಮನೇಲಿ ಹೇಳದೆ ಬಂದವರಿಗೆ" ಅಂದ.
ಕಾಲಿಗೊಂದು ಹಲಗೆ ಕಟ್ಟಿಕೊಂಡರೆ ಸ್ಕೀ,
ಎರಡೂ ಕಾಲು ಒಂದೇ ಹಲಗೆಗೆ ಬಿಗಿದರೆ ಸ್ನೋಬೋರ್ಡು.
"ಅದು ನಾನು ಮಾಡಿದೀನಿ," ನೂರ್‌ಜಾನ್ ತಲೆ ಎತ್ತಲಿಲ್ಲ,
"ಹನ್ನೆರಡು ವರ್ಷ. ನಿಖಾ ಅಂತಾರೆ ನಮ್ಮಲ್ಲಿ."

ಕಿಸೆಯೊಳಗೆ ಒಂದು ಕಾರ್ಡು ಇರುತ್ತದಂತೆ.
ಬೆಟ್ಟ ಹತ್ತಿಸುವ ಕುರ್ಚಿಯ ಮುಂದೊಂದು ಗೇಟು;
ಎಡತೋಳು ಹತ್ತಿರ ಬಂದರೆ ಸಾಕು,
ಯಾರೂ ಮುಟ್ಟದೆ, ಹೆಸರು ಕೇಳದೆ, ತೆರೆದುಕೊಳ್ಳುತ್ತದೆ.
ನಮ್ಮ ಗೇಟಿನಲ್ಲಿ ಸಂಜೆ
ಊಟದ ಡಬ್ಬಿ ಬಿಚ್ಚಬೇಕು, ಚೀಲ ಕೊಡವಬೇಕು,
ತುರುಬನ್ನೂ ಒತ್ತಿ ನೋಡುತ್ತಾರೆ,
ಜಿಪ್ಪಿನ ಕೊಂಡಿ ಅಡಗಿಸಿದ್ದೇವೋ ಏನೋ ಅಂತ.

ಜಾರುವುದು ನನಗೆ ಹೊಸದಲ್ಲ.
ನಮ್ಮೂರ ಕೆರೆಯ ಏರಿ, ಒಣಗಿದ ಗರಿಕೆ, ತೆಂಗಿನ ಮಟ್ಟೆ,
ಹಿಂದೆ ಕೂತ ತಮ್ಮ, ಬ್ರೇಕಿಗೆ ಹಿಮ್ಮಡಿ.
ತಳ ಹರಿದ ನನ್ನ ಲಂಗಕ್ಕೆ
ಅಮ್ಮ ಬೈಯುತ್ತಾ ಹಾಕಿದ ತೇಪೆ ನೋಡಿಯೇ
ನಾನು ಹೊಲಿಗೆ ಕಲಿತದ್ದು.

ಈಗ ಹೇಳಬೇಕಾದ್ದು.
ಯುಗಾದಿಯ ಹಿಂದಿನ ವಾರ, ಗಂಟೆಗೆ ಎಪ್ಪತ್ತು ಅಂದಿದ್ದರು.
ಸಂಜೆ ಕಟ್ಟು ಎಣಿಸುವಾಗ ಎಡತೋಳು ಹನ್ನೊಂದು ಉಳಿದಿದ್ದವು,
ಕಿಸೆಯಿಲ್ಲದೆ, ಬೋಳಾಗಿ.
ಹನ್ನೊಂದು ಕಿಸೆ ಬಲತೋಳಿಗೆ ಹೋಗಿವೆ.
ಬಾಯಿ ಬಿಡಲಿಲ್ಲ. ಬೋಳು ತೋಳುಗಳನ್ನು
ಮುಂದಿನ ಮಿಷನ್ನಿಗೆ ಸರಿಸಿದೆ.
ಚೆಕಿಂಗಿನವರಿಗೂ ಹಬ್ಬದ ಆತುರ.
ಪೆಟ್ಟಿಗೆಗೆ ಟೇಪು ಬಿತ್ತು, ಲಾರಿ ಘಾಟಿ ಇಳಿಯಿತು.

ಆಮೇಲೆ ರಾತ್ರಿ ರಾತ್ರಿ ಒಬ್ಬ ಬರುತ್ತಾನೆ.
ಕೆಂಪು ಮೂಗಿನವನು, ಜೊತೆಗೆ ಪುಟ್ಟ ಮಗಳು.
ಗೇಟಿಗೆ ಎಡತೋಳು ಒಡ್ಡುತ್ತಾನೆ, ಉಜ್ಜುತ್ತಾನೆ,
ಎದೆ, ಸೊಂಟ, ಟೊಪ್ಪಿಗೆ ಎಲ್ಲ ತಾಗಿಸಿ ನೋಡುತ್ತಾನೆ.
ಗೇಟು ಅಲುಗುವುದಿಲ್ಲ.
ಹಿಂದೆ ಉದ್ದಕ್ಕೆ ಸಾಲು, ಅವರ ಭಾಷೆಯಲ್ಲಿ ಗೊಣಗಾಟ,
ಮಗಳು ಕಣ್ಣೊರೆಸಿಕೊಳ್ಳುತ್ತಾಳೆ.
ಬಲಗೈ ಸ್ವಾಮಿ, ಬಲಗೈ, ಅನ್ನುತ್ತೇನೆ
ದುದ್ದದ ನಮ್ಮ ಚಾಪೆಯ ಮೇಲಿಂದ.

ನೂರ್‌ಜಾನಳಿಗೆ ಮಾತ್ರ ಹೇಳಿದೆ. ಅವಳು ದಾರ ಕಡಿದು
"ಹನ್ನೊಂದು ಜನರಲ್ಲಿ ಒಬ್ಬ ಎಡಚ ಇರಲ್ವೇನೇ?
ಅಬ್ಬ, ಕೊನೆಗೂ ಸರಿಯಾದ ಕಡೆ ಇಟ್ಟಿದಾರೆ ಅಂತ
ಹೊಲಿದವಳ ಕೈಗೆ ಮುತ್ತು ಕೊಡ್ತಿರ್ತಾನೆ" ಅಂದಳು.

ಇರಬಹುದು.
ಅವನಾದರೂ ಕಪ್ಪು ದಾರಿ ಹಿಡಿಯದಿರಲಿ.
ಹಸಿರು ಸಾಕು, ಹೆಚ್ಚೆಂದರೆ ನೀಲಿ.