ಬಲಿಯದೆ ಬೆಳೆದದ್ದು

ಸೋಸುಕಾಗದ ಅದು, ಅಂಗೈ ಅಗಲ.
ಆರು ತಿಂಗಳ ಕೂಸಿನ ಲಂಗೋಟಿಯೊಳಗಿಟ್ಟು ನೆನೆಸಿ,
ಒಲೆಯ ಬಳಿ ಒಣಗಿಸಿ, ಲಕೋಟೆಗೆ ತುಂಬಿ
ತಾಯಂದಿರು ಅಂಚೆಗೆ ಹಾಕುತ್ತಿದ್ದರು
ರುಮೊಯಿ, ನೆಮುರೊ, ಮೊಂಬೆತ್ಸುಗಳಿಂದ,
ಹಿಮದಲ್ಲಿ ಹೆಸರಿನ ಹಲಗೆಯೂ ಹೂತುಹೋದ ಹಳ್ಳಿಗಳಿಂದ.

ಹತ್ತೊಂಬತ್ತು ವರ್ಷ ಆ ಲಕೋಟೆ ಒಡೆದವಳು ನಾನು.
ಹೊಕ್ಕೈಡೋದ ಕೂಸುಗಳೆಲ್ಲ ನಿನ್ನ ಕೈಮೇಲೇ ಉಚ್ಚೆ ಹೊಯ್ದಿವೆ,
ಅನ್ನುತ್ತಿದ್ದ ಗಂಡ.
ನಾನು ಹುಡುಕುತ್ತಿದ್ದದ್ದು ಒಂದು ಆಮ್ಲ,
ವೆನಿಲಾದ ಅರ್ಧ ಹೆಸರು ಹೊತ್ತದ್ದು.
ಸಿಹಿಯ ಮಾತು ಅಲ್ಲಿಗೇ ಮುಗಿಯಿತು.
ಯಂತ್ರದ ಸೂಜಿ ಚಪ್ಪಟೆ ಗೆರೆಯಲ್ಲಿ ಗುಡ್ಡ ಬರೆದರೆ
ಫೋನು ಎತ್ತಬೇಕು.

ಹೊಸಬರಿಗೆ ಪಾಠ ಊಟದ ಹೊತ್ತಿನಲ್ಲಿ,
ಗ್ಯೋಜಾ ಕಡುಬು ಕೈಯಲ್ಲಿ ಹಿಡಿದು:
ನೋಡು ಮಿಸುಝು, ಮೂರು ವಾರದ ಭ್ರೂಣ ಬರೀ ಹಾಳೆ.
ಬೆನ್ನುದ್ದಕ್ಕೂ ಮಡಚಿಕೊಳ್ಳುತ್ತದೆ, ಹೀಗೆ, ಅಂಚಿಗೆ ಅಂಚು.
ಒಳಗಿನ ಕೊಳವೆ ಮಿದುಳು, ಬೆನ್ನುಹುರಿ.
ಈ ಒತ್ತಿದ ಅಂಚಿದೆಯಲ್ಲ, ನಿರಿಗೆ ನಿರಿಗೆ,
ಅಲ್ಲಿಂದ ಒಂದಷ್ಟು ಜೀವಕೋಶ ಗುಳೆ ಹೊರಡುತ್ತವೆ.
ಬುತ್ತಿಯಿಲ್ಲ, ಜೊತೆಗೆ ಹಿರಿಯರಿಲ್ಲ.
ಕೆಲವು ಚರ್ಮದ ಬಣ್ಣವಾಗಿ ನಿಲ್ಲುತ್ತವೆ,
ಕೆಲವು ದವಡೆಯ ಎಲುಬಾಗಿ,
ನೀನೀಗ ಅಗಿಯುತ್ತಿರುವ ಹಲ್ಲಿನ ಒಳಪದರವಾಗಿ.
ಕೆಲವು ಮೂತ್ರಪಿಂಡದ ನೆತ್ತಿ ಹತ್ತಿ ಕೂತು
ಭಯ ತಯಾರಿಸುವ ಕಸುಬು ಕಲಿಯುತ್ತವೆ,
ಎದೆ ಡವಗುಟ್ಟಿಸಿ ಓಡು ಅನ್ನುವ ರಸ.

ಕಲಿಯದವು?

ಊರು ತಲುಪಿಯೂ ಅವು ದಾರಿಯಲ್ಲೇ ಇರುತ್ತವೆ.
ಒಂದು ಎರಡಾಗಿ, ಎರಡು ನಾಲ್ಕಾಗಿ
ಬಲಿಯದೆ ಬೆಳೆಯುತ್ತವೆ.
ಕನ್ನಡಿಬಿಲ್ಲೆಯ ಕೆಳಗೆ ಪುಟ್ಟವು, ನೀಲಿ, ದುಂಡಗಿನವು,
ಆಟದಲ್ಲಿ ಕೂತ ಮಕ್ಕಳಂತೆ ವೃತ್ತ ಕಟ್ಟಿ.
ಕೆಟ್ಟವೆನ್ನಲು ನನಗೆ ಎಂದೂ ಬಾಯಿ ಬರಲಿಲ್ಲ.
ಕೆಟ್ಟವರಿಗೊಂದು ಮುಖವಿರುತ್ತದೆ.
ಇವಕ್ಕಿನ್ನೂ ಮೂಡಿಲ್ಲ.

ಮೊನ್ನೆ ಒತಾರುವಿನ ಸ್ನಾನದಮನೆ.
ಪಕ್ಕದ ಗಿಡ್ಡ ಮಣೆಯ ಮೇಲೆ ತಲೆ ತೊಳೆಯುತ್ತಿದ್ದ ಹುಡುಗಿ,
ಪಕ್ಕೆಲುಬಿನಿಂದ ಹೊಕ್ಕುಳ ದಾಟಿ ಬೆಳ್ಳಗಿನ ಹೊಲಿಗೆ ಗುರುತು.
ನನ್ನ ಕಣ್ಣು ಹಿಡಿದುಬಿಟ್ಟಳು.
ಕೂಸಾಗಿದ್ದಾಗ, ಅಂದಳು, ಆರು ತಿಂಗಳಿಗೆ.
ಒಂದು ಕಾಗದ ಜೀವ ಉಳಿಸಿತಂತೆ.
ಅಂಚೆಡಬ್ಬ ಕಂಡರೆ ಅಮ್ಮ ಈಗಲೂ ತಲೆ ಬಾಗುತ್ತಾಳೆ.
ಹೆಸರು ಇಬುಕಿ, ಊರು ರುಮೊಯಿ.
ಆ ಲಕೋಟೆಗಾಗಿ ತಡಕಿದೆ. ಲಕ್ಷಗಟ್ಟಲೆಯಲ್ಲಿ ಸಿಗಲಿಲ್ಲ.

ಆಮೇಲೆ ಬಂದ ಲೆಕ್ಕ ಅವಳಿಗೆ ಹೇಳಲಿಲ್ಲ.
ನಾವು ಹಿಡಿದವುಗಳಲ್ಲಿ ಎಷ್ಟೋ ತಾವಾಗಿಯೇ ಬಲಿಯುತ್ತಿದ್ದವು,
ಇಲ್ಲವೇ ಯಾರಿಗೂ ತಿಳಿಯದಂತೆ ಬಾಡುತ್ತಿದ್ದವು.
ಮೊದಲ ವರ್ಷದ ಮೈ ಹಾಗೆ, ತಡವಾಗಿ ಬಂದವರಿಗೂ ಊಟ ಇಟ್ಟಿರುತ್ತದೆ.
ಕೊಲ್ಲುವವು ನಮ್ಮ ಕಾಗದಕ್ಕೆ ಸಿಗದೆ
ಎರಡಕ್ಕೆ, ಮೂರಕ್ಕೆ ಬಂದವು.
ಸಾವು ಕಡಿಮೆಯಾಗಲಿಲ್ಲ. ಯೋಜನೆ ನಿಂತಿತು.
ಯಂತ್ರದ ಮೇಲೆ ಬಟ್ಟೆ ಹೊದಿಸಿದೆ.

ಇವಳದು ಯಾವ ಬಗೆ?
ತೆಗೆದುಹಾಕಿದ್ದನ್ನು ಏನಾಗುತ್ತಿದ್ದೆ ಎಂದು ಕೇಳುವುದು ಹೇಗೆ.

ಅಜ್ಜಿ, ಬೆನ್ನು ಉಜ್ಜಲೇ, ಅಂದಳು.
ತಿರುಗಿ ಕೂತೆ.
ಏನು ಕೆಲಸ ಮಾಡುತ್ತಿದ್ದಿರಿ?
ಲಕೋಟೆ ಒಡೆಯುವುದು.
ಹಾಗಾದರೆ ಊರವರ ಗುಟ್ಟೆಲ್ಲ ಗೊತ್ತು, ನಕ್ಕಳು.
ಅವಳ ಹೆಬ್ಬೆರಳು ಸೋಪಿನಲ್ಲಿ ಜಾರುತ್ತ
ಕತ್ತಿನಿಂದ ಸೊಂಟದವರೆಗೆ,
ಎಪ್ಪತ್ತೊಂದು ವರ್ಷದ ಹಿಂದೆ ಹಾಳೆ ಮಡಚಿದ ಅಂಚಿನ ಮೇಲೆ,
ಒಂದೊಂದೇ ಮಣಿ ಎಣಿಸಿದಂತೆ ಇಳಿಯಿತು.
ಇಲ್ಲಿ ನೋಯುತ್ತದೆಯೇ, ಕೇಳಿದಳು.
ಇನ್ನೂ ಸ್ವಲ್ಪ ಕೆಳಗೆ, ಅಂದೆ.