ಹೋಲಿಕೆಗೆ ಒಂದು ಮೈ

ನಸುಕಿಗೆ ಹೊರಟ ಪುರಸಭೆಯ ವ್ಯಾನು
ಸೆರಿದೊದ ಮುಳ್ಳುಕುರುಚಲ ಬಯಲು ದಾಟಿ
ನತಾಲಿನ ನಮ್ಮ ಆಸ್ಪತ್ರೆಯೆದುರು ನಿಲ್ಲುವಾಗ ಹತ್ತು ಗಂಟೆ.
ಮೊದಲು ಇಳಿಯುವವಳು ತಾಯಿ, ದೋನಾ ಎಡಿಲೆಯುಜಾ,
ಕಂಕುಳಲ್ಲಿ ಕಸೂತಿಯ ಚೀಲ.
ಆಮೇಲೆ ಮಗಳು ಜೊಸಿನೇಯ್ಡೆ, ಹತ್ತೊಂಬತ್ತು.

ಕುಸ್ತಿಯವಳ ತೋಳು,
ಮೊಣಕೈವರೆಗೆ ಹಗ್ಗದಂತೆ ಎದ್ದ ನರ,
ಕೆನ್ನೆ ಇರಬೇಕಾದಲ್ಲಿ ಎರಡು ಗುಳಿ.
ಕುಸ್ತಿ ಆಡಿದವಳಲ್ಲ.
ತೊಟ್ಟಿಲಲ್ಲೇ ಹೀಗಿದ್ದಳಂತೆ,
ಎರಡೂ ಮೊಲೆ ಬರಿದು ಮಾಡಿ
ಮೂರನೆಯದಕ್ಕೆ ಅಳುತ್ತಿದ್ದಳಂತೆ.
ಅಲಸಂದೆ, ಅನ್ನ, ಆಡಿನ ಮಾಂಸ,
ಹಾಕಿದ್ದೆಲ್ಲ ಉಂಡಳು, ಒಂದೂ ಮೈಗೆ ಹತ್ತಲಿಲ್ಲ.
ಪಕ್ಕದ ಮನೆಯ ತಟ್ಟೆಗೆ ಕೈ ಹಾಕಿದ ದಿನ
ಬೀದಿಯೇ ಅಂದಿತು:
ಎಷ್ಟು ಕೊಬ್ಬು ನೋಡು ಈ ಹುಡುಗಿಗೆ!

ಕೊಬ್ಬು.
ಅದನ್ನು ಹುಡುಕುವುದೇ ನನ್ನ ಕೆಲಸ.
ನಾನು ವಾಲ್ದೆಲೀಸಿ, ಗಾಜಿನ ಈಚೆ ಕೂರುವವಳು.

ಮೇಜು ಗಟ್ಟಿ, ಅವಳಿಗೆ ಇನ್ನೂ ಗಟ್ಟಿ.
ನಡುವಿನಡಿಗೆ ಒಂದು ಟವೆಲು ಮಡಚಿಟ್ಟೆ,
ಮಂಡಿಯಡಿಗೆ ಇನ್ನೊಂದು, ಎರಡು ಕಂಬಳಿ ಹೊದಿಸಿದೆ.
ಆದರೂ ನಡುಗಿದಳು.
"ಉಪವಾಸ ಇನ್ನೆಷ್ಟು ಹೊತ್ತು?"
ಬೇರೆಯವರು ಕೇಳುವುದು: ಒಳಗೆ ಉಸಿರು ಕಟ್ಟುತ್ತದೆಯೇ?
ಇವಳು ಅದನ್ನು ಕೇಳಲೇ ಇಲ್ಲ.

ಉಸಿರು ತಗೋ. ಬಿಡು. ಹಿಡಿ.
ಯಂತ್ರ ಬಾಗಿಲು ಬಡಿಯುವ ಹಾಗೆ ಬಡಿಯಿತು.
ಪರದೆಯ ಮೇಲೆ ಜೊಸಿನೇಯ್ಡೆ ಹೋಳುಹೋಳಾಗಿ ಬಂದಳು.

ನೆಣ ಬೆಳ್ಳಗೆ ಕಾಣಬೇಕು ಈ ಚಿತ್ರದಲ್ಲಿ.
ತೊಗಲಿನ ಕೆಳಗೆ ಸುತ್ತಲೂ ಒಂದು ಬಿಳಿ ಅಂಚು,
ಮೂಳೆಯ ಒಳಗೂ ಬಿಳಿ.
ಇಲ್ಲಿ ತೊಗಲಿಗೇ ತಾಗಿ ಮಾಂಸ, ಮಾಂಸಕ್ಕೆ ತಾಗಿ ಮೂಳೆ,
ಮಜ್ಜೆ ಕಪ್ಪು.
ಬಾಡಿಗೆ ಮನೆಯೂ ಸಿಗದ ಅಷ್ಟೂ ಜಿಡ್ಡು
ಯಕೃತ್ತಿನ ಹಜಾರದಲ್ಲಿ ಗಂಟುಮೂಟೆ ಇಳಿಸಿ ಕೂತಿದೆ.
ಶೇಕಡ ಎಷ್ಟೆಂದು ಡಾಕ್ಟರ್ ತಾರ್ಸಿಲಾ ಬರೆದುಕೊಂಡರು,
ಇನ್ನೊಮ್ಮೆ ಅಳೆಯಲು ಹೇಳಿದರು,
ಅದೇ ಬಂತು.

ಆಮೇಲೆ ತಲೆಯ ಕಡೆಗೆ ಬಂದೆ.
ಕಣ್ಣುಗುಡ್ಡೆಯ ಹಿಂದೆ, ಇದೋ,
ಎರಡು ಪುಟ್ಟ ಬಿಳಿ ತುಣುಕು.
ಅಂಗೈಯಲ್ಲಿ ಒಂದು ತೆಳು ಗೆರೆ. ಅಂಗಾಲಲ್ಲಿ ಕೂಡ.
ಒರಗಲು, ಊರಲು, ಹಿಡಿಯಲು ಬೇಕಾದಷ್ಟನ್ನು
ಮೈ ಯಾರಿಗೂ ಹೇಳದೆ ಸೆರಗಿನ ಗಂಟಲ್ಲಿ ಉಳಿಸಿಕೊಂಡಿತ್ತು.
"ಇದ್ದರೆ ಒಂದು ಜಾತಿ, ಇಲ್ಲದಿದ್ದರೆ ಇನ್ನೊಂದು," ಅಂದರು ಡಾಕ್ಟರ್,
"ಕಾಯಿಲೆಯ ಹೆಸರಿನ ಮುಂದಿನ ಅಂಕಿ ಬದಲಾಗುತ್ತದೆ."

ಹೊರಗೆ ತಾಯಿ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ
ಯಾರದೋ ಮದುವೆಯ ದಿಂಬಿಗೆ ಹೂವು ಕಟ್ಟುತ್ತಿದ್ದಳು.
ತಲೆಯೆತ್ತದೆ ಕೇಳಿದಳು:
"ನನ್ನ ಕಡೆಯಿಂದಲೋ, ಅವನ ಕಡೆಯಿಂದಲೋ?"
ಎರಡೂ ಕಡೆ ಒಬ್ಬಳೇ ಅಜ್ಜಿ.
ಅದು ಅವಳಿಗೂ ಗೊತ್ತಿತ್ತು.
ಸೂಜಿ ನಿಂತು, ಮತ್ತೆ ನಡೆಯಿತು.

ಜೊಸಿನೇಯ್ಡೆ ತಂಗಳು ತಪಿಯೋಕ ರೊಟ್ಟಿ ಕೈಯಲ್ಲಿ ಹಿಡಿದೇ ಬಂದಳು,
ನನ್ನ ಪರದೆಯ ಮುಂದೆ ನಿಂತಳು.
ಎಡಕ್ಕೆ ಅವಳು. ಬಲಕ್ಕೆ ಇನ್ನೊಂದು ಮೈ,
ಕೆನೆಗಟ್ಟಿದ ಹಾಲಿನಂಥ ಹೊಟ್ಟೆ, ದಪ್ಪ ಬಿಳಿ ತೊಡೆ.
"ಇದು ಯಾರದು?"
ಅಧ್ಯಯನಕ್ಕೆ ಹೋಲಿಕೆಯವರು ಬೇಕಿತ್ತು. ನಾನು ಮಲಗಿದ್ದೆ.
ಚಿತ್ರ ಬಂದ ದಿನ ನಾಚಿಕೆಯಿಂದ ಕಡತ ಮುಚ್ಚಿಟ್ಟು
ರಾತ್ರಿಯೂಟ ಬಿಟ್ಟಿದ್ದೆ, ಮೂರೇ ದಿನ.
"ನನ್ನದು," ಅಂದೆ.

ಅಗಿಯುವುದನ್ನು ನಿಲ್ಲಿಸಿ ನೋಡಿದಳು.
ಬೀಗರ ಮನೆಯ ಬೆಳ್ಳಿ ಪಾತ್ರೆ ನೋಡುವವರ ಹಾಗೆ,
ಮುಟ್ಟದೆ, ಆದರೆ ಒಂದನ್ನೂ ಬಿಡದೆ.
"ಹಾಸಿಗೆ ಹೊತ್ತುಕೊಂಡೇ ಓಡಾಡ್ತೀರಲ್ಲ, ಅಕ್ಕಾ!"

ನಗು ಬಂದು ನನ್ನ ಹೊಟ್ಟೆ ಕುಲುಕಿತು.
ಅದನ್ನೂ ನೋಡಿದಳು.
ಹೋಗುವಾಗ ಕೈ ಕೊಟ್ಟಳು, ಅಂಗೈ ಮೆತ್ತಗಿತ್ತು,
ಅಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು.
ರೊಟ್ಟಿಯ ಪುಡಿ ನನ್ನ ಕೈಗೂ ಅಂಟಿತು.

ಕೆಳಗೆ ಚಾಲಕ ಹಾರನ್ ಒತ್ತುತ್ತಿದ್ದ.
ಟವೆಲು ಮಡಚಿದೆ.
ಮುಂದಿನ ಹೆಸರು ಅವಳ ತಮ್ಮನದು, ಏಳು ವರ್ಷ.
ಬೆಂಚಿನ ಮೇಲೆ ಎರಡೂ ಕೈಯಿಂದ ಹೊಟ್ಟೆ ಒತ್ತಿಕೊಂಡು
ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ.