ಇವರ ಬದಲಿಗೆ

ಹನ್ನೊಂದು ವರ್ಷ ಕಾದಿದ್ದ ಬೆಳಗ್ಗೆಯೇ ಇವರಿಗೆ ಹೊಟ್ಟೆ ಕೆಟ್ಟಿತು.
ಹಿಂದಿನ ರಾತ್ರಿ ಬಾತುಮಿಯಲ್ಲಿ ತಿಂದ ದೋಣಿಯಾಕಾರದ ರೊಟ್ಟಿ,
ಹೊಟ್ಟೆ ತುಂಬ ಚೀಸು, ಮೇಲೊಂದು ಹಸಿ ಮೊಟ್ಟೆ, ಮುಷ್ಟಿ ಬೆಣ್ಣೆ.
ಬೇಡ ಅಂದಿದ್ದೆ. ಈಗ ಹೇಳಿ ಏನು ಬಂತು.
ಎದ್ದು ಕೂತು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದರು,
ತಾಳಿ ಕಟ್ಟಿದ ದಿನಕ್ಕಿಂತ ಹೆಚ್ಚು ಕೈ ನಡುಗುತ್ತಿತ್ತು.
“ನೀನಾದರೂ ಹೋಗು. ನೋಡಿ ಬಂದು ಹೇಳು.”
ಆಮೇಲೆ ಗೋಡೆಯತ್ತ ಹೊರಳಿದರು.

ನನಗೋ ಕಾಗೆ, ಗುಬ್ಬಿ, ಗಿಳಿ, ಹದ್ದು.
ಉಳಿದದ್ದೆಲ್ಲ ಇವರ ಖಾತೆ.

ಗುಲಿಕೊ ಗೇಟಿನಲ್ಲಿ ತಡೆದು ಗಂಡನ ರಬ್ಬರ್ ಬೂಟು ತೊಡಿಸಿದಳು,
ಕೇಳದೆಯೇ ಜೇಬಿಗೆ ಹೇಝಲ್ ಬೀಜ ಸುರಿದಳು.
ಮೆಕ್ಕೆಜೋಳ, ಕಿತ್ತಳೆ ತೋಟ, ಕೆಸರು, ದಾರಿ ಬಿಡದ ಯಾರದೋ ಹಸು;
ಏದುಸಿರು ಬಿಟ್ಟು ನೆತ್ತಿ ಹತ್ತಿದರೆ
ಮಂಜು. ಬರೀ ಮಂಜು.
ಕೆಳಗೆ ಕಪ್ಪು ಸಮುದ್ರ ಇದೆಯಂತೆ,
ಬೆನ್ನ ಹಿಂದೆ ಕಾಕಸಸ್ ಇದೆಯಂತೆ,
ಈ ನಡುವಿನ ಸಂದಿಯೇ ಹಕ್ಕಿಗಳ ಹೆದ್ದಾರಿಯಂತೆ.
ಹಲಗೆ ಬೆಂಚಿನ ಮೇಲೆ ಒಂಬತ್ತು ಜನ
ಕೊನೆಯ ಬಸ್ಸು ತಪ್ಪಿದವರ ಹಾಗೆ ಕೂತಿದ್ದರು.

ಮುದುಕ ಜೆಮಾಲ್ ಒಬ್ಬನೇ ಮೇಲೆ ನೋಡುತ್ತಿರಲಿಲ್ಲ.
ಚಾಕುವಿನಲ್ಲಿ ಅಂಜೂರ ಸೀಳುತ್ತಿದ್ದ.
ಹುಡುಗನಾಗಿದ್ದಾಗ ಇಲ್ಲೇ ಕಳಿಂಗ ಹಕ್ಕಿಯನ್ನು ಕೋಲಿಗೆ ಕಟ್ಟಿ
ಬಲೆಯೊಡ್ಡಿ ಬಿಜ್ಜು ಹಿಡಿಯುತ್ತಿದ್ದನಂತೆ,
ಮುಂಗೈ ಮೇಲೆ ಪಳಗಿಸಿ ಲಾವುಗೆಯ ಮೇಲೆ ಬಿಡುತ್ತಿದ್ದನಂತೆ,
ಚಳಿಗೆ ಮುಂಚೆ ಹೋಗೆಂದು ಗಾಳಿಗೆ ಎಸೆಯುತ್ತಿದ್ದನಂತೆ.
ತಿನಾತಿನ್ ನನಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು.
“ಗುಂಡು ಹಾರಿಸಿದ್ದೂ ಉಂಟೇ ಕೇಳು” ಅಂದೆ.
ಜೆಮಾಲ್ ಹೊಟ್ಟೆ ಸವರಿಕೊಂಡ,
ನನ್ನ ಮುಖ ನೋಡಿ ಕೈ ತೆಗೆದ,
ಅರ್ಧ ಅಂಜೂರ ಕೊಟ್ಟ.

ಎರಡು ಗಂಟೆಗೆ ಗಾಳಿ ತಿರುಗಿತು.
ಮಂಜು ಹರಿದಲ್ಲಿ ಒಂದು ಚುಕ್ಕೆ.
ಗಾಜಿನ ಕೊಳೆಯೆಂದು ದುಪ್ಪಟ್ಟಾದಲ್ಲಿ ಒರೆಸಿದೆ.
ಒರೆಸಿದಷ್ಟೂ ಹೆಚ್ಚಿತು.
ಜೇನುಗಿಡುಗ, ಜೇನುಗಿಡುಗ, ಯಾರೋ ಮೊರದಲ್ಲಿ ಎಳ್ಳು ಕೇರಿದಂತೆ,
ಕಡೆಗೋಲಿಗೆ ಸಿಕ್ಕಂತೆ ಸುತ್ತಿ ಸುತ್ತಿ ಮೇಲೇರಿ
ತುದಿಯಲ್ಲಿ ಮೈ ಬಿಗಿದು
ರೆಕ್ಕೆ ಬಡಿಯದೆ ತೆಂಕಣಕ್ಕೆ ಜಾರಿದವು, ಒಂದರ ಹಿಂದೊಂದು,
ಸದ್ದೇ ಇಲ್ಲ. ಸದ್ದೆಲ್ಲ ನಮ್ಮದು.

ತಿನಾತಿನ್‌ಗೆ ಎರಡು ಕೈ ಸಾಲಲಿಲ್ಲ,
ಎಣಿಸುವ ಗುಂಡಿಯೊಂದನ್ನು ನನ್ನ ಹೆಬ್ಬೆರಳಿಗೆ ಕೊಟ್ಟಳು.
“ಹದ್ದು ಗೊತ್ತಲ್ಲ? ಹದ್ದು ಮಾತ್ರ ನಿಮ್ಮದು.”
ಗೊತ್ತಿಲ್ಲದೆ ಏನು! ಮೀನು ಮಾರ್ಕೆಟ್ಟಿನ ಮೇಲೆ ದಿನಾ ಕಂಡ ಸೀಳುಬಾಲ.
ಟಕ್. ಟಕ್. ಟಕ್ಟಕ್.
ಕೊರಳು ಸೆಟೆಯಿತು, ಕಣ್ಣಲ್ಲಿ ನೀರಿಳಿಯಿತು, ಬಿಡಲಿಲ್ಲ.
“ನಮ್ಮ ಕಡೆಗೆ ಬರುತ್ತವಾ?”
“ಇಲ್ಲ. ಇವುಗಳ ದಾರಿ ಬೇರೆ.”
ಯಾಕೋ ಸ್ವಲ್ಪ ಬೇಜಾರಾಯಿತು,
ನೆಂಟರು ಮನೆ ಮುಂದೆಯೇ ಹಾದು ಬೇರೆ ಮನೆಗೆ ಹೋದ ಹಾಗೆ.

ಇಳಿಯುವಾಗ ಮಾತು ಜೋಡಿಸಿಕೊಂಡೆ.
ಜಾಸ್ತಿ ಹೇಳಿದರೆ ಇವರ ಎದೆ ಒಡೆದೀತು, ಕಡಿಮೆ ಹೇಳಿದರೆ ಸುಳ್ಳಾದೀತು.
“ಎಷ್ಟು?” ಅಂದರು ಬಾಗಿಲಲ್ಲೇ.
ಅಂಗೈ ಚಾಚಿದೆ. ಪೆನ್ನಿನಲ್ಲಿ ಬರೆದಿತ್ತು: 2,316. ಹದ್ದೇ ಅಷ್ಟು.
ಇವರು ನಕ್ಕರು. “ನನಗೂ ಒಂದು ಸಿಕ್ಕಿತು ಕಣೇ.”

ಬಚ್ಚಲ ಕಿಂಡಿಯಲ್ಲಿ, ಏಳನೇ ಸಲ ಹೋದಾಗ,
ಗುಲಿಕೊಳ ಜೋಳದ ಮೇಲೆ ಮೊಳದೆತ್ತರದಲ್ಲಿ ಗಂಡು ಸೆಳೆವ.
ಬೂದಿಬಿಳುಪು ಮೈ, ರೆಕ್ಕೆಯ ತುದಿ ಮಸಿಗೆ ಅದ್ದಿದ್ದು;
ಬಟ್ಟೆಯ ತಂತಿ ದಾಟುವಾಗ ಒಂದು ಕಾಲು ಇಳಿಬಿಟ್ಟು
ಏನೋ ನೆನಪಾದಂತೆ ಮತ್ತೆ ಮಡಚಿ
ಕಿಂಡಿಯತ್ತ ತಿರುಗಿತಂತೆ. ಹಳದಿ ಕಣ್ಣಂತೆ.
ಗಂಜಿ ಕುಡಿಯುತ್ತ ಹೇಳಿದರು,
ದೀಪ ಆರಿಸಿದ ಮೇಲೂ ಆ ಕಾಲಿನ ವಿಷಯ ಹೇಳಿದರು.

ಇವರಿಗೆ ನಿದ್ದೆ ಬಂತು.
ನನ್ನ ಎರಡು ಸಾವಿರದಲ್ಲಿ ಒಂದಾದರೂ ಹದ್ದಿನ ಕಣ್ಣು
ನೆನಪಿಗೆ ತಂದುಕೊಳ್ಳಲು ನೋಡಿದೆ.
ಹೊದಿಕೆಯೊಳಗೆ ಹೆಬ್ಬೆರಳು
ತನ್ನಷ್ಟಕ್ಕೆ ಒತ್ತುತ್ತಲೇ ಇತ್ತು.